ದಾಸವಾಳದ ಬೆನ್ನು: ಒಂದು ಪಾಪ್ ಆರ್ಟ್ ಪ್ರಿಂಟನ್ನು ಬಿಚ್ಚಿ ಮತ್ತೆ ಕಟ್ಟಿದ್ದು

ಫ್ರೇಮನ್ನು ಮೇಜಿನ ಮೇಲೆ ಬೋರಲು ಹಾಕಿ ಹಿಂದಿನ ರಟ್ಟು ಸರಿಸಿದಾಗ ಮೊದಲು ಬಂದದ್ದು ವಾಸನೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ರಟ್ಟಿನ ಪೆಟ್ಟಿಗೆ ಇಳಿಸಿದರೆ ಬರುತ್ತದಲ್ಲ, ಆ ಹುಳಿ ವಾಸನೆ. ರಟ್ಟು ಕಾಫಿ ಬಣ್ಣಕ್ಕೆ ತಿರುಗಿತ್ತು. ಮೂಲೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಅದಕ್ಕೆ ಅಂಟಿಕೊಂಡು ಕೂತಿತ್ತು ಮೂರಡಿಗೆ ಮೂರಡಿಯ ಒಂದು ಸ್ಕ್ರೀನ್ ಪ್ರಿಂಟ್. ನಾಲ್ಕು ದೊಡ್ಡ ಹೂವು, ಹಿಂದೆ ಕಪ್ಪು-ಹಸಿರು ಹುಲ್ಲು. ಜಾಹೀರಾತು, ಪತ್ರಿಕೆಯ ಚಿತ್ರಗಳನ್ನೇ ಕಲೆ ಮಾಡಿದ ಪಾಪ್ ಆರ್ಟ್ ಕಲಾವಿದ ಆ್ಯಂಡಿ ವಾರ್ಹೋಲ್ ಅವರ ‘ಫ್ಲವರ್ಸ್’.

ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ವಾರ್ಹೋಲ್ 1928ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ, ಓದಿದ್ದೂ ಇಲ್ಲೇ. ನದಿ ದಾಟಿದರೆ ಅವರ ಹೆಸರಿನ ಏಳು ಮಹಡಿಯ ಮ್ಯೂಸಿಯಂ ಇದೆ. ನನಗೆ ಸ್ಕ್ರೀನ್ ಪ್ರಿಂಟ್ ಹುಚ್ಚು ಹಿಡಿದದ್ದು ಅಲ್ಲಿ. ದೊಡ್ಡ ಪ್ರಿಂಟ್ ಕೊಳ್ಳುವ ಶಕ್ತಿ ನನಗಿಲ್ಲ. ಹಾಗಾಗಿ ಎಸ್ಟೇಟ್ ಸೇಲ್‌ಗಳಿಗೆ ಹೋಗುತ್ತೇನೆ. ವಯಸ್ಸಾದವರು ತೀರಿಕೊಂಡ ಮೇಲೆ ಮನೆಯ ಸಾಮಾನೆಲ್ಲ ಮಾರುತ್ತಾರಲ್ಲ, ಅಲ್ಲಿ. ಇದು ಸಿಕ್ಕಿದ್ದು ಅಂಥ ಒಂದು ಮನೆಯ ಮೆಟ್ಟಿಲ ಕೆಳಗೆ. ‘1970ರದ್ದು’ ಅಂತ ಚೀಟಿ ಅಂಟಿಸಿದ್ದರು. 180 ಡಾಲರ್ ಕೊಟ್ಟೆ.

ಹೂವು ಯಾವುದು ಗೊತ್ತಾ? ದಾಸವಾಳ. ಪ್ಯಾಟ್ರೀಷಿಯಾ ಕಾಲ್‌ಫೀಲ್ಡ್ ಎಂಬ ಫೋಟೋಗ್ರಾಫರ್ ತೆಗೆದ ದಾಸವಾಳದ ಚಿತ್ರ 1964ರ ಜೂನ್‌ನಲ್ಲಿ ‘ಮಾಡರ್ನ್ ಫೋಟೋಗ್ರಫಿ’ ಪತ್ರಿಕೆಯಲ್ಲಿ ಬಂದಿತ್ತು. ವಾರ್ಹೋಲ್ ಅದನ್ನು ಕತ್ತರಿಸಿ, ವಿವರ ಎಲ್ಲ ತೆಗೆದು, ಚಪ್ಪಟೆ ಬಣ್ಣ ತುಂಬಿದರು. ಕೇಳದೆ ಬಳಸಿದ್ದಕ್ಕೆ ಆಮೇಲೆ ಆಕೆ ಕೇಸೂ ಹಾಕಿದರು. ಆಕೆಯ ಹೆಸರು ಈ ಪ್ರಿಂಟಿನ ಜೊತೆ ಹೇಳಲೇಬೇಕು ಅಂತ ನನಗನ್ನಿಸುತ್ತದೆ, ಅದಕ್ಕೇ ಇಲ್ಲಿ ಬರೆದೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಒಂದೇ ಮಾತು ಕೇಳಿದರು: ‘ದಾಸವಾಳ ಸರಿ ಕಣೋ, ಕೇಸರ ಎಲ್ಲಿ?’ ಅದನ್ನೇ ವಾರ್ಹೋಲ್ ಹೆಚ್ಚುಕಮ್ಮಿ ಅಳಿಸಿಬಿಟ್ಟಿದ್ದು. ಯಾರೂ ಅಷ್ಟು ಬೇಗ ಹಿಡಿದದ್ದನ್ನು ನಾನು ನೋಡಿಲ್ಲ.

ಮೊದಲ ಶನಿವಾರ: ಬಿಚ್ಚುವುದು

ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದೆ. ಮುಂದೆ, ಹಿಂದೆ, ನಾಲ್ಕು ಮೂಲೆ, ಫ್ರೇಮಿನ ಸ್ಕ್ರೂ ಸಮೇತ. ಟಾರ್ಚನ್ನು ಮೇಜಿನ ಮಟ್ಟದಲ್ಲಿ ಅಡ್ಡ ಹಿಡಿದೂ ತೆಗೆದೆ. ಹಾಗೆ ಹಿಡಿದರೆ ಕಾಗದದ ಉಬ್ಬುತಗ್ಗು, ಗೀರು ಎಲ್ಲ ನೆರಳು ಬಿಟ್ಟು ಕಾಣುತ್ತವೆ.

ಫ್ರೇಮು ತೆಳು ಅಲ್ಯೂಮಿನಿಯಂದು. ಸ್ಕ್ರೂ ನಾಲ್ಕರಲ್ಲಿ ಮೂರು ಸುಮ್ನೆ ಬಂದವು, ಒಂದಕ್ಕೆ ಎಣ್ಣೆ ಬಿಟ್ಟು ಕಾಯಬೇಕಾಯಿತು. ನಿಜವಾದ ತಲೆನೋವು ಗಾಜು. ಯಾರೋ ಪ್ರಿಂಟನ್ನು ನೇರವಾಗಿ ಗಾಜಿಗೆ ಒತ್ತಿ ಕೂರಿಸಿದ್ದರು. ನಡುವೆ ಒಂದು ಕೂದಲಷ್ಟೂ ಜಾಗ ಇಲ್ಲ.

ಸ್ಕ್ರೀನ್ ಪ್ರಿಂಟಿಗೆ ಇದು ಯಾಕೆ ಕೆಟ್ಟದ್ದು ಅಂದರೆ, ಇದರ ಬಣ್ಣ ಕಾಗದದ ಒಳಗೆ ಇಳಿದಿರುವುದಿಲ್ಲ, ಮೇಲೆ ಕೂತಿರುತ್ತದೆ. ನಮ್ಮೂರಲ್ಲಿ ಮದುವೆ ಕಾರ್ಡು ಸ್ಕ್ರೀನ್ ಪ್ರಿಂಟ್ ಮಾಡುವುದನ್ನು ನೋಡಿದವರಿಗೆ ಗೊತ್ತು. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಬೇಡದ ಕಡೆ ಮುಚ್ಚಿದ ತೂತು, ಮೇಲೆ ಸುರಿದ ಬಣ್ಣ, ರಬ್ಬರ್ ಪಟ್ಟಿಯಲ್ಲಿ ಒಂದು ಎಳೆತ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು. ಕಾರ್ಡಿನ ಮೇಲೆ ಬೆರಳಾಡಿಸಿದರೆ ಅಕ್ಷರ ಕೈಗೆ ಸಿಗುತ್ತದಲ್ಲ, ಇದೂ ಹಾಗೇ. ಬಣ್ಣದ್ದೇ ಒಂದು ತೆಳು ಹಾಸು. ಗಾಜಿಗೆ ಒತ್ತಿಕೊಂಡರೆ, ಸ್ವಲ್ಪ ತೇವ ಸೇರಿದರೆ, ಆ ಹಾಸು ಗಾಜನ್ನೇ ಹಿಡಿದುಕೊಳ್ಳುತ್ತದೆ.

ಮೂರು ಮೂಲೆ ಸಲೀಸಾಗಿ ಬಿಟ್ಟವು. ಎಡಗಡೆ ಕೆಳಗಿನ ಹೂವಿನ ಹತ್ತಿರ ತಡೆಯಿತು. ಎಳೆಯಲಿಲ್ಲ. ಎಳೆದಿದ್ದರೆ ಗುಲಾಬಿ ಬಣ್ಣ ಗಾಜಿನ ಜೊತೆಗೇ ಹೋಗುತ್ತಿತ್ತು. ತೆಳುವಾದ ಪಾಲಿಯೆಸ್ಟರ್ ಹಾಳೆಯಿಂದ ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಗಾಜಿಗೂ ಬಣ್ಣಕ್ಕೂ ನಡುವೆ ಪಕ್ಕದಿಂದ ತೂರಿಸುತ್ತಾ, ಅಕ್ಕಪಕ್ಕ ಆಡಿಸುತ್ತಾ ಹೋದೆ. ಒಂದು ಸಲಕ್ಕೆ ಒಂದು ಅಕ್ಕಿಕಾಳಿನಷ್ಟು ಮುಂದೆ. ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಒಂದು ಸಣ್ಣ ಚಟ್ ಶಬ್ದ. ಎದೆ ಹಾರಿಹೋಯಿತು. ತಿರುಗಿಸಿ ನೋಡಿದರೆ ಬಣ್ಣ ಹೋಗಿರಲಿಲ್ಲ, ಆದರೆ ಉಗುರಿನಷ್ಟು ಜಾಗ ಹೊಳೆಯುತ್ತಿತ್ತು. ಉಳಿದ ಹೂವೆಲ್ಲ ಮಂಕು, ಅದೊಂದು ಕಡೆ ಗಾಜಿನ ನುಣುಪು. ಈಗಲೂ ಹಾಗೇ ಇದೆ. ಮೇಲೆ ಬಣ್ಣ ಹಚ್ಚಿ ಮುಚ್ಚಬಹುದಿತ್ತು. ಹಚ್ಚಲಿಲ್ಲ. ಪ್ರಿಂಟಿನ ಮೇಲೆ ನನ್ನ ಬಣ್ಣ ಬಿದ್ದರೆ ಅದು ಆ ಪ್ರಿಂಟೇ ಅಲ್ಲ.

ಭಾನುವಾರ: ಬೆನ್ನಿನ ಮೇಲೆ ಏನಿದೆ?

ಪ್ರಿಂಟ್ ಸಂಗ್ರಹಿಸುವವರು ಮೊದಲು ನೋಡಬೇಕಾದದ್ದು ಹಿಂಬದಿ. ಫ್ಲವರ್ಸ್ ವಿಷಯದಲ್ಲಂತೂ ಎಲ್ಲ ಗುಟ್ಟು ಅಲ್ಲೇ ಇದೆ. 1970ರಲ್ಲಿ ವಾರ್ಹೋಲ್ ‘ಫ್ಯಾಕ್ಟರಿ ಅಡಿಷನ್ಸ್’ ಹೆಸರಿನಲ್ಲಿ ಹತ್ತು ಪ್ರಿಂಟುಗಳ ಸೆಟ್ ಹೊರತಂದರು. ಒಂದೊಂದೂ 36 ಇಂಚು ಚೌಕ. ಒಂದೊಂದರಲ್ಲೂ 250 ಪ್ರತಿ, ಅದರ ಜೊತೆಗೆ ಎ ಇಂದ ಝಡ್‌ವರೆಗೆ ಅಕ್ಷರ ಹಾಕಿದ 26 ಆರ್ಟಿಸ್ಟ್ ಪ್ರೂಫ್, ಅಂದರೆ ಕಲಾವಿದರ ಪಾಲಿನ ಪ್ರತಿ. ಸಹಿ ಹಿಂದೆ, ಬಾಲ್ ಪೆನ್ನಿನಲ್ಲಿ. ನಂಬರೂ ಹಿಂದೆ, ರಬ್ಬರ್ ಸ್ಟ್ಯಾಂಪಿನಲ್ಲಿ. ಮುಂದೆ ಏನೂ ಇಲ್ಲ. ಇವತ್ತು ಅದರ ಒಂದು ಪ್ರತಿಗೆ ಹತ್ತಾರು ಸಾವಿರ ಡಾಲರ್.

ಅದೇ 1970ರಲ್ಲಿ ಬೆಲ್ಜಿಯಂನಲ್ಲಿ ‘ಸಂಡೇ ಬಿ. ಮಾರ್ನಿಂಗ್’ ಹೆಸರಿನಲ್ಲಿ ಅದೇ ಅಳತೆಯ, ಅದೇ ಚಿತ್ರದ ಸ್ಕ್ರೀನ್ ಪ್ರಿಂಟುಗಳು ಬರಲು ಶುರುವಾದವು. ಅವುಗಳ ಬೆನ್ನ ಮೇಲೆ ಎರಡು ಸ್ಟ್ಯಾಂಪ್ ಇರುತ್ತವೆ. ಒಂದು, ಪ್ರಕಟಿಸಿದವರ ಹೆಸರು. ಇನ್ನೊಂದು, ‘ಫಿಲ್ ಇನ್ ಯುವರ್ ಓನ್ ಸಿಗ್ನೇಚರ್’, ಅಂದರೆ ಸಹಿ ನೀವೇ ಹಾಕಿಕೊಳ್ಳಿ. ಮೊದಮೊದಲು ಬಂದ 250ರ ಎಡಿಷನ್ನಿಗೆ ಕಪ್ಪು ಸ್ಟ್ಯಾಂಪ್. ಆಮೇಲೆ ಬಂದವಕ್ಕೆ ನೀಲಿ, ಇವತ್ತಿಗೂ ಅಚ್ಚಾಗುತ್ತಿರುವುದು ಈ ನೀಲಿಯವೇ. ಇಂಥ ಕೆಲವು ಪ್ರಿಂಟುಗಳ ಮೇಲೆ ವಾರ್ಹೋಲ್ ‘ಇದು ನನ್ನದಲ್ಲ’ ಅಂತ ಬರೆದು, ಕೆಳಗೆ ತಮ್ಮ ಸಹಿಯನ್ನೂ ಹಾಕಿದ್ದಾರೆ!

ನನ್ನದರ ಬೆನ್ನಿನ ಮೇಲೆ ಏನಿದೆ? ಒಂದು ಮಾಸ್ಕಿಂಗ್ ಟೇಪು. ಮೇಲಿನ ಅಂಚಿನುದ್ದಕ್ಕೂ ಎಳೆದು ರಟ್ಟಿಗೆ ಅಂಟಿಸಿದ್ದರು. ಒಂದು ತುಂಡು ಸರಿಯಾಗಿ ಸ್ಟ್ಯಾಂಪಿನ ಮೇಲೆಯೇ ಕೂತಿತ್ತು. ಟೇಪಿನ ಅಂಚಿನಿಂದ ಆಚೆ ಕಾಣುತ್ತಿದ್ದದ್ದು ಎರಡೂವರೆ ಅಕ್ಷರ. ಅಂಟಿನ ಕಂದು ಕಲೆ ಅದರ ಮೇಲೂ ಹರಡಿತ್ತು. ಕಪ್ಪೋ ನೀಲಿಯೋ ಹೇಳುವ ಹಾಗಿಲ್ಲ.

ಮುಂದಿನ ಭಾಗವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದೆ. ಆಫ್‌ಸೆಟ್‌ನಲ್ಲಿ ಮಾಡಿದ ಪೋಸ್ಟರ್ ಆಗಿದ್ದರೆ ಗುಲಾಬಿಯ ಒಳಗೆ ನಾಲ್ಕು ಬಣ್ಣದ ಸಣ್ಣ ಚುಕ್ಕಿಗಳು ಹೂವಿನ ಆಕಾರದಲ್ಲಿ ಕಾಣಬೇಕು. ಇಲ್ಲಿ ಚುಕ್ಕಿ ಇಲ್ಲ, ಒಂದೇ ಸಮನೆ ಗುಲಾಬಿ. ಅದರ ಅಂಚು ಕಪ್ಪಿನ ಪಕ್ಕದಲ್ಲಿ ಸಣ್ಣ ಮೆಟ್ಟಿಲಿನ ಹಾಗೆ ಎದ್ದಿದೆ. ಒಂದು ಕಡೆ ಹೂವಿನ ಬಣ್ಣಕ್ಕೂ ಹುಲ್ಲಿಗೂ ನಡುವೆ ಕಾಗದದ ಬಿಳಿ ಒಂದು ಎಳೆಯಷ್ಟು ಇಣುಕುತ್ತದೆ. ಎರಡು ಸ್ಕ್ರೀನು ಪೂರ್ತಿ ಹೊಂದಿಕೊಂಡಿಲ್ಲ. ಆ ಬಿಳಿ ಎಳೆ ನನಗೆ ಭಾರಿ ಇಷ್ಟ. ಯಾರೋ ಒಬ್ಬರು ನಿಂತುಕೊಂಡು ಎಳೆದ ಕೈ ಅಲ್ಲಿ ಕಾಣುತ್ತದೆ.

ಇನ್ನೊಂದು ಸಂಗತಿ ಅಂಚಿನಲ್ಲಿ ಸಿಕ್ಕಿತು. ಫ್ರೇಮಿನ ತುಟಿಯ ಕೆಳಗೆ ಮುಚ್ಚಿಕೊಂಡಿದ್ದ ಕಾಲು ಇಂಚಿನ ಪಟ್ಟಿ ನಾಲ್ಕೂ ಕಡೆ ಬೇರೆಯೇ ಬಣ್ಣ. ಬಲಗಡೆ ಅಂಚಿಗೆ ತಾಗಿದ ಹೂವಿನ ತುದಿ ಅಲ್ಲಿ ಕಣ್ಣು ಕುಕ್ಕುವ ಗುಲಾಬಿ, ಒಳಗೆ ಬಂದರೆ ಒಗೆದು ಒಗೆದು ಮಾಸಿದ ರವಿಕೆಯ ಬಣ್ಣ. ಆ ಮನೆಯಲ್ಲಿ ಇದನ್ನು ಕಿಟಕಿಯ ಎದುರಿಗೇ ನೇತು ಹಾಕಿದ್ದರು ಅನ್ನಿಸುತ್ತದೆ. ಹೋದ ಬಣ್ಣ ತರುವ ಉಪಾಯ ಯಾರ ಹತ್ತಿರವೂ ಇಲ್ಲ.

ವಾರದ ಸಂಜೆಗಳು: ಟೇಪು

ಮಾಸ್ಕಿಂಗ್ ಟೇಪು ಹಳೆಯದಾದರೆ ಎರಡಾಗುತ್ತದೆ. ಮೇಲಿನ ಕಾಗದ ಒಣಗಿ ಉದುರುತ್ತದೆ, ಕೆಳಗಿನ ಅಂಟು ಕಾಗದದ ಒಳಗೆ ಇಳಿದು ಕಂದು ಕಲೆಯಾಗುತ್ತದೆ. ಅಸಿಟೋನ್ ಥರದ್ದು ಏನಾದರೂ ಹಚ್ಚಿದರೆ ಅಂಟು ಕರಗುತ್ತದೆ, ನಿಜ. ಆದರೆ ಸ್ಟ್ಯಾಂಪಿನ ಶಾಯಿಯೂ ಕರಗುತ್ತದೆ, ಇನ್ನೂ ಇಳಿದರೆ ಮುಂದಿನ ಬಣ್ಣವೂ. ಹಾಗಾಗಿ ದ್ರವ ಯಾವುದನ್ನೂ ಮುಟ್ಟಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನೀರೂ ಬೇಡ. ಬೆಲೆಬಾಳುವ, ಸಹಿ ಇರುವ ಪ್ರಿಂಟಾಗಿದ್ದರೆ ಈ ಹಂತದಲ್ಲಿ ನಾನೇ ಕೈ ಹಾಕುತ್ತಲೂ ಇರಲಿಲ್ಲ. ಕಾಗದದ ಕಲಾಕೃತಿ ಸರಿಪಡಿಸುವ ಕನ್ಸರ್ವೇಟರ್ ಹತ್ತಿರ ಕೊಡುತ್ತಿದ್ದೆ. ನೀವೂ ಹಾಗೇ ಮಾಡಿ.

ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ಒಂದು ಅಡಿ ದೂರದಿಂದ ಹಿಡಿದೆ. ಇನ್ನೊಂದು ಕೈ ಪಕ್ಕದಲ್ಲೇ ಇಟ್ಟುಕೊಂಡೆ. ಕೈಗೆ ಬೆಚ್ಚಗೆ ಅನ್ನಿಸಿದರೆ ಸಾಕು, ಸುಡಬಾರದು. ಅಂಟು ಮೆತ್ತಗಾದ ಕೂಡಲೇ ತೆಳು ಸ್ಟೀಲ್ ಸ್ಪ್ಯಾಚುಲಾವನ್ನು ಮಲಗಿಸಿ ಟೇಪಿನ ಕೆಳಗೆ ತೂರಿಸಿದೆ. ಟೇಪನ್ನು ಮೇಲಕ್ಕೆ ಎತ್ತದೆ, ಅದರ ಮೇಲೆಯೇ ಹಿಂದಕ್ಕೆ ಮಡಚುತ್ತಾ ಎಳೆದೆ. ಮೇಲಕ್ಕೆ ಎತ್ತಿದರೆ ಕಾಗದದ ಸಿಪ್ಪೆ ಎದ್ದುಬರುತ್ತದೆ. ಉಳಿದ ಜಿಗುಟನ್ನು ಕ್ರೇಪ್ ರಬ್ಬರಿನಿಂದ ಉರುಳಿಸಿ ಉರುಳಿಸಿ ತೆಗೆದೆ. ಕೈಗೆ ಹತ್ತಿದ ಹಲಸಿನ ಮೇಣವನ್ನು ಉಂಡೆ ಮಾಡಿ ತೆಗೆಯುತ್ತೇವಲ್ಲ, ಹಾಗೆ. ಒಂದು ಸಂಜೆಗೆ ಐದು ಇಂಚು ಆದರೆ ಜಾಸ್ತಿ.

ಸ್ಟ್ಯಾಂಪಿನ ಮೇಲಿನ ತುಂಡನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅಲ್ಲಿ ರಬ್ಬರ್ ಕೂಡ ಉಜ್ಜುವ ಹಾಗಿಲ್ಲ. ಕಾಗದದ ಸಿಪ್ಪೆ ಮಾತ್ರ ಚೂರುಚೂರೇ ತೆಗೆದೆ. ಗುರುವಾರ ರಾತ್ರಿ ಹತ್ತೂಮುಕ್ಕಾಲಿಗೆ ‘ಸಿಗ್ನೇಚರ್’ ಪದದ ಬಾಲ ಈಚೆ ಬಂತು. ಕಂದು ಅಂಟಿನ ಹಿಂದೆ ಹಸಿರಿನ ಹಾಗೆ ಕಂಡಿತು. ಇನ್ನೊಂದು ಚೂರು ತೆಗೆದೆ. ಅಂಟು ಇಲ್ಲದ ಜಾಗದಲ್ಲಿ ‘ಎಸ್’ ಅಕ್ಷರದ ಹೊಟ್ಟೆ. ನೀಲಿ.

ಅಲ್ಲಿಗೆ ಇದು 1970ರದ್ದಲ್ಲ. ಫ್ರೇಮು ಹಳೆಯದು, ರಟ್ಟು ಹಳೆಯದು, ಪ್ರಿಂಟು ಆಮೇಲಿನದು. ಮನೆಯಲ್ಲಿದ್ದ ಹಳೇ ಫ್ರೇಮಿನಲ್ಲಿ ಯಾರೋ ಹೊಸ ಪ್ರಿಂಟ್ ಕೂರಿಸಿದ್ದಾರೆ. ಸ್ವಲ್ಪ ಹೊತ್ತು ಬೇಜಾರಾಯಿತು. ಆಮೇಲೆ ತಿರುಗಿಸಿ ಮುಂದೆ ನೋಡಿದೆ. ಅದೇ ಮೆಟ್ಟಿಲಿನಂಥ ಅಂಚು, ಅದೇ ಬಿಳಿ ಎಳೆ. ಬಣ್ಣವನ್ನು ಜಾಲರಿಯಲ್ಲಿ ಎಳೆದೇ ಮಾಡಿದ್ದು, ಅದರಲ್ಲಿ ಸುಳ್ಳಿಲ್ಲ. ಕೆಲಸ ನಿಲ್ಲಿಸುವ ಯೋಚನೆ ಬರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ವಾರ್ಹೋಲ್ ಮಾಡಿದ್ದು ಹೌದೋ ಅಲ್ಲವೋ ಅಂತ ತೀರ್ಪು ಕೊಡುತ್ತಿದ್ದ ಅಥೆಂಟಿಕೇಷನ್ ಬೋರ್ಡ್ 2012ರಲ್ಲಿ ಮುಚ್ಚಿಹೋಯಿತು. ಈಗ ಉಳಿದಿರುವುದು ಬೆನ್ನಿನ ಗುರುತು, ಯಾರಿಂದ ಯಾರ ಕೈಗೆ ಬಂತು ಅನ್ನುವ ಕಾಗದಪತ್ರ ಇಷ್ಟೇ. ಹಿಂಬದಿ ತೋರಿಸಲು ಒಪ್ಪದವರ ಹತ್ತಿರ ಪ್ರಿಂಟ್ ಕೊಳ್ಳಬೇಡಿ. ಫ್ರೇಮ್ ಹಾಕುವವರಿಗೂ ಹಿಂದೆ ಟೇಪು, ಗೋಂದು ಹಾಕಲು ಬಿಡಬೇಡಿ.

ಎರಡನೇ ಶನಿವಾರ: ಅಂಟು ಕಾಯಿಸುವುದು

ಹೊಸದಾಗಿ ಕೂರಿಸುವಾಗ ನನಗಿದ್ದದ್ದು ಒಂದೇ ಷರತ್ತು. ನಾನು ಮಾಡಿದ್ದನ್ನೆಲ್ಲ ಇನ್ನೊಬ್ಬರು ಸುಲಭವಾಗಿ ಬಿಚ್ಚುವಂತಿರಬೇಕು. ಅದಕ್ಕೆ ಪ್ರಿಂಟನ್ನು ಹಿಂದಿನಿಂದ ಹಿಡಿದುಕೊಳ್ಳಲು ಕೋಝೋ ಎಂಬ ಜಪಾನಿನ ನಾರಿನ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು.

ಚಿಕ್ಕವನಿದ್ದಾಗ ಅಪ್ಪ ಮೈದಾ ಕಾಯಿಸಿ ನನ್ನ ನೋಟ್‌ಬುಕ್ಕಿಗೆ ರಟ್ಟು ಹಾಕುತ್ತಿದ್ದರು. ಸಂಬಂಧ ಅದಕ್ಕೂ ಇದಕ್ಕೂ ಹತ್ತಿರದ್ದೇ. ಆದರೆ ಮೈದಾದಲ್ಲಿ ಅಂಟುವ ಪ್ರೋಟೀನ್, ಅಂದರೆ ಗ್ಲುಟೆನ್ ಇರುತ್ತದೆ. ಅದು ಹಳದಿಯಾಗುತ್ತದೆ, ಗಡುಸಾಗುತ್ತದೆ. ಇಲ್ಲಿ ಬೇಕಾದದ್ದು ಅದನ್ನು ತೆಗೆದ ಬರೀ ಪಿಷ್ಟ. ಒಂದು ಅಳತೆ ಪಿಷ್ಟಕ್ಕೆ ನಾಲ್ಕು ಅಳತೆ ಡಿಸ್ಟಿಲ್ಡ್ ನೀರು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಬೇಕು. ಮೊದಲ ಸಲ ಉರಿ ಜಾಸ್ತಿ ಮಾಡಿ ಗಂಟು ಕಟ್ಟಿಸಿಬಿಟ್ಟೆ. ಎರಡನೇ ಸಲ ನನ್ನ ಹೆಂಡತಿ ಒಲೆ ಹತ್ತಿರ ಬಂದು ನಿಂತಳು. ‘ರೀ, ರಾಗಿ ಮಾಲ್ಟ್ ಮಾಡೋ ಥರ ತಿರುಗಿಸಿ, ತಳ ಬಿಡಬೇಡಿ’ ಅಂದಳು. ಇಪ್ಪತ್ತೈದು ನಿಮಿಷಕ್ಕೆ ಬೆಳ್ಳಗಿದ್ದದ್ದು ಅರೆಪಾರದರ್ಶಕವಾಗಿ ಚಮಚದಿಂದ ದಪ್ಪಗೆ ಇಳಿಯತೊಡಗಿತು. ಆರಿಸಿ, ಸಣ್ಣ ಜರಡಿಯಲ್ಲಿ ಮೂರು ಸಲ ಒತ್ತಿ ಸೋಸಿ, ಹಚ್ಚುವಾಗ ಸ್ವಲ್ಪ ನೀರು ಸೇರಿಸಿ ಮೊಸರಿನ ಹದಕ್ಕೆ ತಂದೆ.

ಮೊದಲು ಪ್ರಿಂಟಿನ ಮೇಲೆ ಅಲ್ಲ, ಅಷ್ಟೇ ದಪ್ಪದ ಬೇರೆ ಕಾಗದದ ಮೇಲೆ ಮಾಡಿ ನೋಡಿದೆ. ಒಳ್ಳೆಯದೇ ಆಯಿತು. ಅಂಟು ನೀರಾಗಿತ್ತು. ಒಣಗಿದ ಮೇಲೆ ಮುಂಬದಿಯಲ್ಲಿ ಪಟ್ಟಿಯ ಆಕಾರ ಉಬ್ಬಿ ಕಂಡಿತು. ಮುಂದಿನ ಸಲ ಅಂಟು ಹಚ್ಚಿದ ಪಟ್ಟಿಯನ್ನು ಬ್ಲಾಟಿಂಗ್ ಪೇಪರ್ ಮೇಲೆ ಅರ್ಧ ನಿಮಿಷ ಇಟ್ಟು, ತೇವ ಇಳಿದ ಮೇಲೆ ಅಂಟಿಸಿದೆ. ಉಬ್ಬಲಿಲ್ಲ.

ಕೋಝೋವನ್ನು ಕತ್ತರಿಯಲ್ಲಿ ಕತ್ತರಿಸಬಾರದು. ಒದ್ದೆ ಬ್ರಷ್‌ನಲ್ಲಿ ಗೆರೆ ಎಳೆದು ಹರಿಯಬೇಕು. ಅಂಚಿನಲ್ಲಿ ನಾರು ಗಡ್ಡದ ಹಾಗೆ ಚಾಚಿಕೊಳ್ಳುತ್ತದೆ, ಆ ನಾರೇ ಹಿಡಿದುಕೊಳ್ಳುವುದು. ಪಟ್ಟಿ ಪ್ರಿಂಟಿಗಿಂತ ಬಲವಾಗಿರಲೂಬಾರದು. ನಾಳೆ ಫ್ರೇಮು ಬಿದ್ದರೆ ಹರಿಯಬೇಕಾದದ್ದು ಪಟ್ಟಿ, ಪ್ರಿಂಟಲ್ಲ.

ಹಳೇ ರಟ್ಟಿನ ಬದಲು ಮ್ಯೂಸಿಯಂ ಬೋರ್ಡ್, ಅಂದರೆ ಹತ್ತಿಯಿಂದ ಮಾಡಿದ, ಆಸಿಡ್ ಇಲ್ಲದ ಬೋರ್ಡ್. ಸಾಮಾನ್ಯವಾಗಿ ಸಿಗುವ 32-40 ಇಂಚಿನ ಹಾಳೆ ಇದಕ್ಕೆ ಸಾಲದು, 40-60ರದ್ದು ತರಿಸಿ 38 ಇಂಚು ಚೌಕಕ್ಕೆ ಕತ್ತರಿಸಿದೆ. ಮೇಲ್ಗಡೆ ನಾಲ್ಕು ಕಡೆ ಸಣ್ಣ ಸೀಳು ಕೊಯ್ದೆ. ಪ್ರಿಂಟಿನ ಬೆನ್ನಿಗೆ ಅಂಟಿಸಿದ ಪಟ್ಟಿಯ ಬಾಲವನ್ನು ಆ ಸೀಳಿನಲ್ಲಿ ತೂರಿಸಿ ಬೋರ್ಡಿನ ಹಿಂದೆ ಅಂಟಿಸಿದೆ. ಪಕ್ಕಗಳಲ್ಲಿ ಒಂದೊಂದು, ಆಡಲು ಬಿಡುವಂತೆ ಸಡಿಲವಾಗಿ. ಸ್ಟ್ಯಾಂಪಿನಿಂದ ನಾಲ್ಕು ಇಂಚು ದೂರ. ಒಂದೊಂದರ ಮೇಲೂ ಬ್ಲಾಟಿಂಗ್ ಪೇಪರ್, ಗಾಜಿನ ತುಂಡು, ಅದರ ಮೇಲೆ ತೊಗರಿಬೇಳೆ ಪ್ಯಾಕೆಟ್. ಐದು ನಿಮಿಷಕ್ಕೆ ಬ್ಲಾಟಿಂಗ್ ಪೇಪರ್ ಬದಲಿಸಿ, ಆಮೇಲೆ ಒಂದು ಗಂಟೆ ಬಿಟ್ಟೆ.

ಮ್ಯಾಟ್, ಅಂದರೆ ಚಿತ್ರದ ಸುತ್ತ ಕೂರಿಸುವ ರಟ್ಟಿನ ಚೌಕಟ್ಟು ಹಾಕಿ ಅಂಚು ಮುಚ್ಚಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ಆಯಿತು. ‘ಅಂಚಿನಲ್ಲಿ ಬೇರೆ ಬಣ್ಣ ಕಾಣುತ್ತಲ್ಲ, ಮುಚ್ಚಿದರೆ ಚೆಂದ ಅಲ್ವಾ?’ ಅನ್ನುವುದು ಹೆಂಡತಿಯ ವಾದ. ಅವಳು ಹೇಳಿದ್ದು ತಪ್ಪಲ್ಲ. ಆದರೆ ಈ ಚಿತ್ರ ಕಾಗದದ ತುದಿವರೆಗೂ ಹೋಗುತ್ತದೆ, ಮುಚ್ಚಿದರೆ ಹೂವು ಕತ್ತರಿಸಿದಂತಾಗುತ್ತದೆ. ಮೇಲಾಗಿ ಹುಟ್ಟಿದಾಗಿನ ಬಣ್ಣ ಉಳಿದಿರುವುದು ಆ ಕಾಲು ಇಂಚಿನಲ್ಲಿ ಮಾತ್ರ. ಅದನ್ನು ಹೇಗೆ ಮುಚ್ಚಲಿ? ಬಿಟ್ಟೆ. ಈಗ ಅವಳೇ ಬಂದವರಿಗೆ ಮೊದಲು ಅಂಚು ತೋರಿಸುತ್ತಾಳೆ.

ಭಾನುವಾರ: ಮುಚ್ಚುವುದು

ಗಾಜಿನ ಬದಲು ಅಕ್ರಿಲಿಕ್ ಹಾಕಿದೆ. ಈ ಅಳತೆಗೆ ಎರಡೂವರೆ ಮಿಲಿಮೀಟರ್ ಗಾಜು ಸುಮಾರು 6 ಕಿಲೋ ತೂಗುತ್ತದೆ. ಮೂರು ಮಿಲಿಮೀಟರ್ ಅಕ್ರಿಲಿಕ್ ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಡೆದರೂ ಪ್ರಿಂಟನ್ನು ಕೊಯ್ಯುವುದಿಲ್ಲ. ಅತಿನೇರಳೆ ಕಿರಣವನ್ನು ನೂರಕ್ಕೆ 99 ಭಾಗ ತಡೆಯುವ ಬಗೆ ತಂದೆ. ಹಾಗಂತ ಬಿಸಿಲಿಗೆ ಹಾಕಬಹುದು ಅಂದುಕೊಳ್ಳಬೇಡಿ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ.

ಅಕ್ರಿಲಿಕ್ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರ್ರನೆ ಎಳೆದದ್ದೇ ತಪ್ಪಾಯಿತು. ಹಾಳೆಯಲ್ಲಿ ಕರೆಂಟು ತುಂಬಿಕೊಂಡು ಮನೆಯ ಧೂಳೆಲ್ಲ ಅಲ್ಲಿಗೇ ಬಂತು. ಒರೆಸಿದಷ್ಟೂ ಬರುತ್ತದೆ. ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೋಣೆಯಲ್ಲಿ ನೀರು ಕುದಿಸಿ ಗಾಳಿ ತೇವ ಮಾಡಿ, ಪ್ರಿಂಟನ್ನು ಬೇರೆ ಕೋಣೆಗೆ ಸಾಗಿಸಿ, ಅಂತೂ ಹತ್ತಿಕ್ಕಿದೆ. ನಿಧಾನವಾಗಿ ಎಳೆದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ.

ಫ್ರೇಮು ಹೊಸದು, ಮೇಪಲ್ ಮರದ್ದು. ಅಕ್ರಿಲಿಕ್‌ಗೂ ಪ್ರಿಂಟಿಗೂ ನಡುವೆ ಅರ್ಧ ಇಂಚಿನ ಸ್ಪೇಸರ್. ಇನ್ನು ಆ ಬಣ್ಣ ಯಾವುದನ್ನೂ ಮುಟ್ಟುವುದಿಲ್ಲ. ಹಿಂದೆ ಇನ್ನೊಂದು ಬೋರ್ಡ್, ಸುತ್ತ ಅಲ್ಯೂಮಿನಿಯಂ ಟೇಪಿನ ಸೀಲು. ಟೇಪು ಈ ಸಲ ಫ್ರೇಮಿಗೆ ಮಾತ್ರ.

ತೂಗು ಹಾಕಿದ್ದು ಕಿಟಕಿ ಇಲ್ಲದ ನಡುಮನೆಯ ಗೋಡೆಗೆ, ಎರಡು ಕೊಕ್ಕೆಯಲ್ಲಿ. ಪಕ್ಕದಲ್ಲಿ ತೇವ ಅಳೆಯುವ ಸಣ್ಣ ಮೀಟರು ಇಟ್ಟಿದ್ದೇನೆ, ಇವತ್ತು ಶೇಕಡಾ 46 ತೋರಿಸುತ್ತಿದೆ. ಹಳೇ ರಟ್ಟಿನ ಒಂದು ತುಂಡು, ಬಿಚ್ಚಿದ ಟೇಪಿನ ಒಂದು ಚೂರು, ಸ್ಟ್ಯಾಂಪಿನ ಫೋಟೋ, ಎಲ್ಲ ಒಂದು ಪಾಲಿಯೆಸ್ಟರ್ ಲಕೋಟೆಯಲ್ಲಿ ಹಾಕಿ ಫ್ರೇಮಿನ ಹಿಂಬದಿಯ ಹೊರಗೆ ಸಿಕ್ಕಿಸಿದೆ. ಜೊತೆಗೆ ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ:

‘ಸಂಡೇ ಬಿ. ಮಾರ್ನಿಂಗ್, ನೀಲಿ ಸ್ಟ್ಯಾಂಪ್. ಎಡ ಕೆಳ ಹೂವಿನಲ್ಲಿ ಹೊಳೆಯುವ ಕಲೆ ಗಾಜಿನಿಂದ ಆದದ್ದು, ಬಣ್ಣ ಹಚ್ಚಿಲ್ಲ. ಪಟ್ಟಿ ಆರು, ಗೋಧಿ ಪಿಷ್ಟದ ಅಂಟು. ಸ್ವಲ್ಪ ತೇವ ಸೋಕಿಸಿದರೆ ಬಿಡುತ್ತದೆ.’